ಸರ್ಕಾರಿ ನೌಕರರ ಮಾಹಿತಿ ಇನ್ನು ಆರ್‌ಟಿಐನಲ್ಲಿ ಸಿಗುವುದೇ ಇಲ್ಲವೇ?

"ಇನ್ನು ಮುಂದೆ ಸರ್ಕಾರಿ ನೌಕರರ ಬಗ್ಗೆ ಆರ್‌ಟಿಐನಲ್ಲಿ ಏನನ್ನೂ ಕೇಳುವಂತಿಲ್ಲ, ಕಾನೂನೇ ಬದಲಾಗಿದೆ, ಎಲ್ಲರಿಗೂ ಶೇರ್ ಮಾಡಿ." ಇದು ಒಂದು ಬಗೆಯ ಫಾರ್ವರ್ಡ್. ಇದಕ್ಕೆ ಪೂರ್ತಿ ಉಲ್ಟಾ ಇನ್ನೊಂದಿದೆ: "ಸರ್ಕಾರಿ ನೌಕರ ಜನರ ಸೇವಕ. ಅವನ ಸಂಬಳ, ಆಸ್ತಿ, ರಜೆ, ಮನೆ ವಿಳಾಸ ಎಲ್ಲವನ್ನೂ 10 ರೂಪಾಯಿ ಕಟ್ಟಿ ಕೇಳುವುದು ನಿಮ್ಮ ಹಕ್ಕು." ಒಂದೇ ಗ್ರೂಪಿನಲ್ಲಿ ಬೆಳಿಗ್ಗೆ ಮೊದಲನೆಯದು, ಸಂಜೆ ಎರಡನೆಯದು ಬಂದರೂ ಅಚ್ಚರಿಯಿಲ್ಲ.

ಎರಡೂ ಪೂರ್ತಿ ನಿಜವಲ್ಲ. ಎರಡರಲ್ಲೂ ಸ್ವಲ್ಪ ನಿಜ ಇರುವುದರಿಂದಲೇ ಇವು ಇಷ್ಟು ಸಲೀಸಾಗಿ ಓಡಾಡುತ್ತವೆ. ಕಾನೂನಿನಲ್ಲಿ ಏನಿತ್ತು, ಏನು ಬದಲಾಯಿತು, ಈಗ ಏನು ಕೇಳಬಹುದು ಎಂಬುದನ್ನು ಇಲ್ಲಿ ನೋಡೋಣ.

ಕೇಳದೆಯೇ ಸಿಗಬೇಕಾದ್ದು

ಮಾಹಿತಿ ಹಕ್ಕು ಕಾಯ್ದೆ 2005ರ ಅಕ್ಟೋಬರ್ 12ರಂದು ಪೂರ್ಣವಾಗಿ ಜಾರಿಗೆ ಬಂತು. ಅದರ ಸೆಕ್ಷನ್ 4ರ ಪ್ರಕಾರ ಪ್ರತಿ ಸರ್ಕಾರಿ ಕಚೇರಿಯೂ ಕೆಲವು ವಿಷಯಗಳನ್ನು ಯಾರೂ ಅರ್ಜಿ ಹಾಕದಿದ್ದರೂ ತಾನಾಗಿಯೇ ಪ್ರಕಟಿಸಬೇಕು. ಅಧಿಕಾರಿಗಳ ಮತ್ತು ನೌಕರರ ಪಟ್ಟಿ, ಅವರ ಅಧಿಕಾರ ಮತ್ತು ಕರ್ತವ್ಯ, ಪ್ರತಿಯೊಬ್ಬರ ಮಾಸಿಕ ಸಂಬಳ, ಎಲ್ಲವೂ ಇದರಲ್ಲಿ ಸೇರುತ್ತವೆ. ಕಚೇರಿಯ ವೆಬ್‌ಸೈಟಿನಲ್ಲಿ '4(1)(ಬಿ)' ಎಂಬ ಹೆಸರಿನ ಪಿಡಿಎಫ್ ನೋಡಿದ್ದರೆ ಅದು ಇದೇ. ಹಲವು ಕಡೆ ಆ ಫೈಲ್ ಎಷ್ಟೋ ವರ್ಷ ಹಳೆಯದಾಗಿರುತ್ತದೆ, ನಿವೃತ್ತರಾದವರ ಹೆಸರೂ ಅದರಲ್ಲೇ ಇರುತ್ತದೆ. ಅದು ಬೇರೆ ಕಥೆ.

ಹೊಸ ತಿದ್ದುಪಡಿ ಸೆಕ್ಷನ್ 4ನ್ನು ಮುಟ್ಟಿಲ್ಲ. ಹಾಗಾಗಿ "ನೌಕರರ ಬಗ್ಗೆ ಏನೂ ಸಿಗಲ್ಲ" ಎಂಬ ಫಾರ್ವರ್ಡ್ ಇಲ್ಲಿಗೇ ಸುಳ್ಳಾಗುತ್ತದೆ. ಒಂದು ಹುದ್ದೆಯಲ್ಲಿ ಯಾರಿದ್ದಾರೆ, ಅವರ ಕೆಲಸವೇನು, ಸರ್ಕಾರ ಆ ಹುದ್ದೆಗೆ ಎಷ್ಟು ಸಂಬಳ ಕೊಡುತ್ತಿದೆ ಎಂಬುದು ಗುಟ್ಟಲ್ಲ.

ಹುದ್ದೆ ಎಲ್ಲಿ ಮುಗಿಯುತ್ತದೆ, ಮನುಷ್ಯ ಎಲ್ಲಿ ಶುರುವಾಗುತ್ತಾನೆ?

ನಿಜವಾದ ಜಗಳ ಇರುವುದು ಈ ಗೆರೆಯ ಬಗ್ಗೆ. ಅದು 2025ರಲ್ಲಿ ಹುಟ್ಟಿದ್ದೂ ಅಲ್ಲ.

2012ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಗಿರೀಶ್ ದೇಶಪಾಂಡೆ ಪ್ರಕರಣವನ್ನೇ ನೋಡಿ. ಮಹಾರಾಷ್ಟ್ರದ ಭವಿಷ್ಯ ನಿಧಿ ಕಚೇರಿಯ ಒಬ್ಬ ಅಧಿಕಾರಿಯ ಬಗ್ಗೆ ಅರ್ಜಿದಾರರು ಉದ್ದನೆಯ ಪಟ್ಟಿ ಕೇಳಿದ್ದರು. ಅವರಿಗೆ ಕೊಟ್ಟ ಮೆಮೊ, ಶೋಕಾಸ್ ನೋಟಿಸ್, ಶಿಕ್ಷೆ, ಆಸ್ತಿ, ಸಾಲ, ಆದಾಯ ತೆರಿಗೆ ವಿವರ ಎಲ್ಲ ಇತ್ತು. ಮಗನ ಮದುವೆಯಲ್ಲಿ ಬಂದ ಉಡುಗೊರೆಗಳ ಲೆಕ್ಕವೂ ಬೇಕಿತ್ತು! ಇವೆಲ್ಲ ನೌಕರ ಮತ್ತು ಉದ್ಯೋಗದಾತರ ನಡುವಿನ ವಿಷಯ, ಸೇವಾ ನಿಯಮಗಳ ಅಡಿ ಬರುವಂಥದ್ದು, ಹಾಗಾಗಿ 'ವೈಯಕ್ತಿಕ ಮಾಹಿತಿ' ಎಂದು ಕೋರ್ಟ್ ಹೇಳಿತು. ಹೆಚ್ಚಿನ ಸಾರ್ವಜನಿಕ ಹಿತಾಸಕ್ತಿ ಇದೆ ಎಂದು ಅಧಿಕಾರಿಗೆ ಮನವರಿಕೆಯಾದರೆ ಮಾತ್ರ ಕೊಡಬಹುದು ಎಂದಿತು.

ಮದುವೆ ಉಡುಗೊರೆಯ ಮಟ್ಟಿಗೆ ಇದು ಸರಿ ಎನಿಸಬಹುದು. ಆದರೆ ಕರ್ತವ್ಯಲೋಪಕ್ಕೆ ಸಿಕ್ಕ ಶಿಕ್ಷೆಯನ್ನೂ ಅದೇ ಬುಟ್ಟಿಗೆ ಹಾಕಿದ್ದು ಅತಿಯಾಯಿತು ಎಂಬುದು ನಮ್ಮ ಅಭಿಪ್ರಾಯ. ಆ ತೀರ್ಪಿನ ನಂತರ ಕಚೇರಿಗಳಿಗೆ ಒಂದು ಸಿದ್ಧ ಉತ್ತರ ಸಿಕ್ಕಂತಾಯಿತು.

2017ರ ಆಗಸ್ಟ್ 31ರ ಕೆನರಾ ಬ್ಯಾಂಕ್ ತೀರ್ಪು ಅದೇ ದಾರಿ ಹಿಡಿಯಿತು. ಬ್ಯಾಂಕಿನ ಪ್ರಧಾನ ಕಚೇರಿ ಬೆಂಗಳೂರಿನದಾದರೂ ಪ್ರಕರಣ ಕೇರಳದ ಮಲಪ್ಪುರಂನದು. ಒಂದು ಶಾಖೆಯ ಗುಮಾಸ್ತರೊಬ್ಬರು 2002ರಿಂದ 2006ರವರೆಗೆ ನಡೆದ ಗುಮಾಸ್ತರ ವರ್ಗಾವಣೆಗಳ ಬಗ್ಗೆ ಪ್ರತಿ ನೌಕರನಿಗೂ ಸಂಬಂಧಿಸಿದಂತೆ 15 ಅಂಶಗಳ ವಿವರ ಕೇಳಿದ್ದರು. ಸಾರ್ವಜನಿಕ ಹಿತಾಸಕ್ತಿ ಏನೆಂದು ತೋರಿಸಿಲ್ಲ ಎಂಬ ಕಾರಣಕ್ಕೆ ಅದು ಸಿಗಲಿಲ್ಲ.

ಇದಕ್ಕೆ ಒಂದು ವಾರ ಮೊದಲು, ಆಗಸ್ಟ್ 24ರಂದು, 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಹೇಳಿತ್ತು. ಆ ಅರ್ಜಿ ಹಾಕಿದ್ದವರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಸರ್ಕಾರಿ ಕೆಲಸಕ್ಕೆ ಸೇರಿದ ಮಾತ್ರಕ್ಕೆ ಯಾರೂ ಈ ಹಕ್ಕನ್ನು ಬಿಟ್ಟುಕೊಡುವುದಿಲ್ಲ. ಎರಡನೇ ಫಾರ್ವರ್ಡ್ ಬೀಳುವುದು ಇಲ್ಲಿ.

2019ರ ನವೆಂಬರ್ 13ರಂದು ಸುಪ್ರೀಂ ಕೋರ್ಟಿನ 5 ನ್ಯಾಯಮೂರ್ತಿಗಳ ಪೀಠ ಮುಖ್ಯ ನ್ಯಾಯಮೂರ್ತಿಗಳ ಕಚೇರಿಯೂ ಆರ್‌ಟಿಐ ವ್ಯಾಪ್ತಿಗೆ ಬರುತ್ತದೆ ಎಂದು ತೀರ್ಪು ಕೊಟ್ಟಿತು. ಅದೇ ತೀರ್ಪಿನಲ್ಲಿ ಯಾವುದೆಲ್ಲ ವೈಯಕ್ತಿಕ ಮಾಹಿತಿ ಎಂಬ ಪಟ್ಟಿಯೂ ಇದೆ: ವಿಳಾಸ, ಆರೋಗ್ಯ ಸ್ಥಿತಿ, ಚಿಕಿತ್ಸೆ ಪಡೆದ ಆಸ್ಪತ್ರೆ ಮತ್ತು ವೈದ್ಯರು, ಕುಟುಂಬದ ವಿವರ, ಅಂಕಗಳು, ಗೋಪ್ಯ ವರದಿ, ಶಿಸ್ತುಕ್ರಮ, ಆಸ್ತಿ, ತೆರಿಗೆ ವಿವರ ಮುಂತಾದವು. ಆದರೆ 'ವೈಯಕ್ತಿಕ' ಎಂದರೆ 'ಎಂದೂ ಕೊಡಬಾರದ್ದು' ಎಂದು ಕೋರ್ಟ್ ಹೇಳಲಿಲ್ಲ. ಸಾರ್ವಜನಿಕ ಹಿತಾಸಕ್ತಿ ಹೆಚ್ಚು ತೂಗಿದರೆ ಕೊಡಬಹುದು, ಪ್ರತಿ ಪ್ರಕರಣದಲ್ಲೂ ತೂಗಿ ನೋಡಬೇಕು ಎಂದಿತು.

"ಎಂಎಲ್‌ಎ ಆಸ್ತಿ ಆನ್‌ಲೈನ್‌ನಲ್ಲಿ ಸಿಗುತ್ತದೆ, ಗುಮಾಸ್ತನದ್ದು ಯಾಕೆ ಸಿಗಲ್ಲ?" ಎಂದು ಕೇಳುವವರಿದ್ದಾರೆ. ಚುನಾವಣೆಗೆ ನಿಲ್ಲುವವರು ಆಸ್ತಿಯ ಅಫಿಡವಿಟ್ ಸಲ್ಲಿಸಬೇಕು, ಅದು ಮತದಾರರಿಗಾಗಿಯೇ ಇರುವಂಥದ್ದು. ಐಎಎಸ್ ಅಧಿಕಾರಿಗಳ ಸ್ಥಿರಾಸ್ತಿ ವಿವರವನ್ನು ಕೇಂದ್ರದ ಸಿಬ್ಬಂದಿ ಇಲಾಖೆ ತನ್ನ ವೆಬ್‌ಸೈಟಿನಲ್ಲಿ ಹಾಕುತ್ತದೆ. ತಾಲ್ಲೂಕು ಕಚೇರಿಯ ಗುಮಾಸ್ತರು ತಮ್ಮ ಆಸ್ತಿ ವಿವರವನ್ನು ಇಲಾಖೆಗೆ ಕೊಡುತ್ತಾರೆ, ಊರಿಗಲ್ಲ.

2025ರ ನವೆಂಬರ್‌ನಲ್ಲಿ ಬದಲಾಗಿದ್ದೇನು?

ಮಾಹಿತಿ ನಿರಾಕರಿಸುವ ಕಾರಣಗಳು ಕಾಯ್ದೆಯ ಸೆಕ್ಷನ್ 8ರಲ್ಲಿವೆ. ಅದರಲ್ಲಿ 8(1)(ಜೆ) ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ್ದು. ಹಳೆಯ ರೂಪದಲ್ಲಿ ಅದು ಒಂದು ಸಣ್ಣ ಪ್ಯಾರಾದಷ್ಟಿತ್ತು. ಮಾಹಿತಿಗೂ ಸಾರ್ವಜನಿಕ ಚಟುವಟಿಕೆಗೂ ಸಂಬಂಧವೇ ಇಲ್ಲದಿದ್ದರೆ, ಅಥವಾ ಅದನ್ನು ಕೊಟ್ಟರೆ ಒಬ್ಬರ ಖಾಸಗಿತನಕ್ಕೆ ಅನಗತ್ಯ ಧಕ್ಕೆಯಾಗುತ್ತದೆ ಎಂದಾದರೆ ಮಾತ್ರ ನಿರಾಕರಿಸಬಹುದಿತ್ತು. ಆಗಲೂ ಸಾರ್ವಜನಿಕ ಹಿತಾಸಕ್ತಿ ದೊಡ್ಡದಿದ್ದರೆ ಮಾಹಿತಿ ಅಧಿಕಾರಿಯೇ ಕೊಡಬಹುದಿತ್ತು. ಸಂಸತ್ತಿಗೆ ಅಥವಾ ವಿಧಾನಮಂಡಲಕ್ಕೆ ನಿರಾಕರಿಸಲಾಗದ ಮಾಹಿತಿಯನ್ನು ಯಾವ ವ್ಯಕ್ತಿಗೂ ನಿರಾಕರಿಸುವಂತಿಲ್ಲ ಎಂಬ ಸಾಲೂ ಅಲ್ಲಿತ್ತು.

ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಗೆ 2023ರ ಆಗಸ್ಟ್‌ನಲ್ಲಿ ರಾಷ್ಟ್ರಪತಿಗಳ ಅಂಕಿತ ಬಿತ್ತು. ಅದರ ಸೆಕ್ಷನ್ 44(3) ಆರ್‌ಟಿಐನ ಈ ಪ್ಯಾರಾವನ್ನು ತೆಗೆದು ಬೇರೆಯದನ್ನು ಹಾಕಿತು. ಅದು 2025ರ ನವೆಂಬರ್ ಮಧ್ಯಭಾಗದಿಂದ ಜಾರಿಯಲ್ಲಿದೆ. ಹೊಸ ರೂಪ ಇಂಗ್ಲಿಷ್‌ನಲ್ಲಿ ಆರೇ ಪದ. ಅರ್ಥ ಇಷ್ಟೇ: ವೈಯಕ್ತಿಕ ಮಾಹಿತಿಗೆ ಸಂಬಂಧಿಸಿದ ಮಾಹಿತಿ. 'ಸಂಬಂಧವಿಲ್ಲದಿದ್ದರೆ', 'ಅನಗತ್ಯ ಧಕ್ಕೆಯಾದರೆ' ಎಂಬ ಷರತ್ತುಗಳು ಹೋದವು, ಶಾಸನಸಭೆಯ ಸಾಲೂ ಹೋಯಿತು.

ಇಷ್ಟನ್ನೇ ಓದಿದರೆ ಮೊದಲನೇ ಫಾರ್ವರ್ಡ್ ನಿಜ ಎನಿಸುತ್ತದೆ. ಆದರೆ ಪಕ್ಕದಲ್ಲೇ ಸೆಕ್ಷನ್ 8(2) ಹಾಗೆಯೇ ಉಳಿದಿದೆ. ಮಾಹಿತಿ ಬಹಿರಂಗಪಡಿಸುವುದರಿಂದ ಜನರಿಗೆ ಆಗುವ ಹಿತ, ಅದರಿಂದ ಆಗುವ ಹಾನಿಗಿಂತ ದೊಡ್ಡದಾದರೆ, ಸೆಕ್ಷನ್ 8(1)ರ ಯಾವ ವಿನಾಯಿತಿ ಇದ್ದರೂ ಸಾರ್ವಜನಿಕ ಪ್ರಾಧಿಕಾರ ಮಾಹಿತಿ ಕೊಡಬಹುದು ಎಂದು ಅದು ಹೇಳುತ್ತದೆ. ಕೇಂದ್ರ ಸರ್ಕಾರದ ಸಮರ್ಥನೆಯೂ ಇದೇ: ಬಾಗಿಲು ಮುಚ್ಚಿಲ್ಲ, 8(2) ಇದೆಯಲ್ಲ.

ಬಾಗಿಲು ಇದೆ ನಿಜ, ಆದರೆ ಅದನ್ನು ತೆರೆಯುವವರು ಬದಲಾಗಿದ್ದಾರೆ. ಮೊದಲು ನಿಮ್ಮ ಅರ್ಜಿ ಹಿಡಿದು ಕೂತ ಸಾರ್ವಜನಿಕ ಮಾಹಿತಿ ಅಧಿಕಾರಿಯೇ ಹಿತಾಸಕ್ತಿಯನ್ನು ತೂಗಿ ನೋಡಬೇಕಿತ್ತು. ಈಗ ಅವರ ಮುಂದಿರುವುದು ಷರತ್ತಿಲ್ಲದ ಒಂದು ಸಾಲು. ತೂಗುವ ಕೆಲಸ 'ಪ್ರಾಧಿಕಾರ'ದ ಹೆಗಲಿಗೆ ಹೋಗಿದೆ, ಅದೂ 'ಕೊಡಬಹುದು' ಎಂಬ ಪದದೊಂದಿಗೆ. ಕಾಗದದ ಮೇಲೆ ಇದು ಸಣ್ಣ ವ್ಯತ್ಯಾಸ. ತಾಲ್ಲೂಕು ಕಚೇರಿಯ ಟೇಬಲ್ ಮೇಲೆ ಇದು ದೊಡ್ಡದು, ಯಾಕೆಂದರೆ ಯಾವ ಕಡತದಲ್ಲೂ ಯಾರದಾದರೂ ಹೆಸರು ಇದ್ದೇ ಇರುತ್ತದೆ.

ಮಧ್ಯದ ದಾರಿ ಇರಲಿಲ್ಲವೇ ಎಂದರೆ, ಇತ್ತು. 2018ರಲ್ಲಿ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಸಮಿತಿ ಕೊಟ್ಟ ಕರಡಿನಲ್ಲೂ 8(1)(ಜೆ) ತಿದ್ದುವ ಪ್ರಸ್ತಾಪವಿತ್ತು. ಆದರೆ ವ್ಯಕ್ತಿಗೆ ಆಗುವ ಹಾನಿ ಸಾರ್ವಜನಿಕ ಹಿತಾಸಕ್ತಿಗಿಂತ ಹೆಚ್ಚಾದಾಗ ಮಾತ್ರ ನಿರಾಕರಿಸಬೇಕು ಎಂಬ ತಕ್ಕಡಿಯನ್ನು ಅದು ಉಳಿಸಿಕೊಂಡಿತ್ತು. ಅದನ್ನು ಉಳಿಸಿದ್ದರೆ ನೌಕರರ ಖಾಸಗಿತನಕ್ಕೆ ಕೊರತೆಯೇನೂ ಆಗುತ್ತಿರಲಿಲ್ಲ ಎಂಬುದು ನಮ್ಮ ಅನಿಸಿಕೆ.

ಒಂದು ಓಎಂಆರ್ ಹಾಳೆಯ ಪ್ರಶ್ನೆ

ಇದರಿಂದ ನಮಗೇನು ಎನ್ನುವವರು ಪಿಎಸ್‌ಐ ನೇಮಕಾತಿಯನ್ನು ನೆನಪಿಸಿಕೊಳ್ಳಬಹುದು. 545 ಹುದ್ದೆಗಳಿಗೆ 2021ರ ಅಕ್ಟೋಬರ್ 3ರಂದು ಪರೀಕ್ಷೆ ನಡೆಯಿತು. ಅಕ್ರಮದ ದೂರುಗಳು ಬಂದವು, ಸಿಐಡಿ ತನಿಖೆ ನಡೆಯಿತು, 2022ರ ಏಪ್ರಿಲ್‌ನಲ್ಲಿ ಸರ್ಕಾರ ಪರೀಕ್ಷೆಯನ್ನೇ ರದ್ದು ಮಾಡಿತು. ನಂತರ ನೇಮಕಾತಿ ವಿಭಾಗದ ಮುಖ್ಯಸ್ಥರಾಗಿದ್ದ ಎಡಿಜಿಪಿಯ ಬಂಧನವೂ ಆಯಿತು. ತನಿಖೆಯ ಕೇಂದ್ರದಲ್ಲಿದ್ದದ್ದು ಅಭ್ಯರ್ಥಿಗಳ ಓಎಂಆರ್ ಹಾಳೆಗಳನ್ನು ತಿದ್ದಿದ ಆರೋಪ.

ಓಎಂಆರ್ ಹಾಳೆ ಮತ್ತು ಅಂಕಗಳು ವೈಯಕ್ತಿಕ ಮಾಹಿತಿಯೇ? ಒಂದು ಅರ್ಥದಲ್ಲಿ ಹೌದು. ಆದರೆ ಹಗಲು ರಾತ್ರಿ ಓದಿ ಕೆಲಸ ಕಳೆದುಕೊಂಡ ಅಭ್ಯರ್ಥಿಗೆ, ತನಗಿಂತ ಮೇಲೆ ಬಂದವರ ಅಂಕ ಸರಿಯಿದೆಯೇ ಎಂದು ಪರಿಶೀಲಿಸಲು ಬೇರೆ ದಾರಿ ಯಾವುದಿದೆ? 2024ರ ನವೆಂಬರ್‌ನಲ್ಲಿ ಬಾಂಬೆ ಹೈಕೋರ್ಟ್, ಪುಣೆ ಜಿಲ್ಲಾ ನ್ಯಾಯಾಲಯದ ಗುಮಾಸ್ತ ಹುದ್ದೆಗಳ ಪ್ರಕರಣದಲ್ಲಿ, ಸಾರ್ವಜನಿಕ ನೇಮಕಾತಿಯಲ್ಲಿ ಆಯ್ಕೆಯಾದವರ ಅಂಕಗಳನ್ನು ಕೊಡಬೇಕು ಎಂದು ಹೇಳಿತು. ಆಗಿನ್ನೂ ಹಳೆಯ 8(1)(ಜೆ) ಜಾರಿಯಲ್ಲಿತ್ತು. ಇಂದು ಅದೇ ಅರ್ಜಿ ಹಾಕುವವರು 8(2)ರ ಮೂಲಕವೇ ವಾದಿಸಬೇಕಾಗುತ್ತದೆ.

ಮುಚ್ಚಿಡಬೇಕಾದ್ದೂ ಇದೆ

ಈಗ ನೌಕರರ ಕಡೆಯಿಂದ ನೋಡೋಣ. ನಮ್ಮಲ್ಲಿ ಶಿಕ್ಷಕರ ವರ್ಗಾವಣೆಗೆ 2020ರ ಕಾಯ್ದೆಯೇ ಇದೆ. ಗಂಭೀರ ಕಾಯಿಲೆ ಇರುವವರು, ವಿಧವೆಯರು, ಅಂಗವಿಕಲರು, ಗಂಡ-ಹೆಂಡತಿ ಇಬ್ಬರೂ ನೌಕರಿಯಲ್ಲಿರುವವರು, ಹೀಗೆ ಕೆಲವರಿಗೆ ಅದರಲ್ಲಿ ಆದ್ಯತೆ ಸಿಗುತ್ತದೆ. ಆದ್ಯತೆ ನ್ಯಾಯವಾಗಿ ಹಂಚಿಕೆಯಾಯಿತೇ ಎಂದು ತಿಳಿಯುವುದು ಉಳಿದ ಶಿಕ್ಷಕರ ಹಕ್ಕು. ಆದರೆ ಇಂಥ ಶಿಕ್ಷಕಿಗೆ ಇಂಥ ಕಾಯಿಲೆ ಎಂಬ ಕಾಲಂ ಸಮೇತ ಪಿಡಿಎಫ್ ಹೊರಬಿದ್ದರೆ, ಹತ್ತು ನಿಮಿಷದಲ್ಲಿ ಅದು ಊರಿನ ಗ್ರೂಪಿನಲ್ಲಿರುತ್ತದೆ. ಮಾರನೇ ದಿನ ಅವರು ಅದೇ ಊರಿನ ಮಕ್ಕಳ ಮುಂದೆ ನಿಂತು ಪಾಠ ಮಾಡಬೇಕು.

ಇದು ಬರೀ ಊಹೆಯಲ್ಲ. 2020ರ ಮಾರ್ಚ್‌ನಲ್ಲಿ ಕೊರೊನಾ ಸಮಯದಲ್ಲಿ, ಮನೆಯಲ್ಲೇ ಕ್ವಾರಂಟೈನ್‌ನಲ್ಲಿದ್ದವರ ವಿಳಾಸಗಳ ಪಟ್ಟಿಯನ್ನು ರಾಜ್ಯ ಸರ್ಕಾರವೇ ಪ್ರಕಟಿಸಿತು. ಹೆಸರುಗಳಿರಲಿಲ್ಲ, ಮನೆ ವಿಳಾಸಗಳಿದ್ದವು. ಪಟ್ಟಿ ವಾಟ್ಸಾಪ್‌ನಲ್ಲಿ ಓಡಾಡಿತು. ವಿಳಾಸ ಇದ್ದ ಮೇಲೆ ಹೆಸರು ಹುಡುಕಲು ಅಕ್ಕಪಕ್ಕದವರಿಗೆ ಎಷ್ಟು ಹೊತ್ತು ಬೇಕು?

ನೌಕರರ ವಿಷಯದಲ್ಲೂ ಹೀಗೇ. ಕಚೇರಿಯ ಲ್ಯಾಂಡ್‌ಲೈನ್, ಇಲಾಖೆ ಕೊಟ್ಟ ಸಿಮ್‌ನ ನಂಬರ್ ಹಂಚಿಕೊಳ್ಳುವುದರಲ್ಲಿ ತಪ್ಪಿಲ್ಲ, ಅವು ಇರುವುದೇ ಜನರಿಗಾಗಿ. ಸ್ವಂತ ಮೊಬೈಲ್ ನಂಬರ್, ಮನೆ ವಿಳಾಸ, ಆಧಾರ್, ಬ್ಯಾಂಕ್ ಖಾತೆ, ಸಂಬಳದಲ್ಲಿ ಕಡಿತವಾಗುವ ಸಾಲದ ಕಂತು, ಹೆರಿಗೆ ರಜೆಯ ಅರ್ಜಿ, ಇವು ಬೇರೆ. ಸಂಬಳ ಎಷ್ಟು ಎಂಬುದು ಜನರ ಹಣದ ಲೆಕ್ಕ. ಆ ಸಂಬಳದಲ್ಲಿ ಯಾವ ಸೊಸೈಟಿಗೆ ಎಷ್ಟು ಕಟ್ಟುತ್ತಾರೆ ಎಂಬುದು ಅವರ ಮನೆಯ ಲೆಕ್ಕ. ಅಂಗನವಾಡಿ ಕಾರ್ಯಕರ್ತೆ, ಗ್ರಾಮ ಆಡಳಿತಾಧಿಕಾರಿ, ಮಹಿಳಾ ಕಾನ್‌ಸ್ಟೆಬಲ್ ಇಂಥವರ ಸ್ವಂತ ನಂಬರ್ ಇರುವ ಪಟ್ಟಿ "ಎಲ್ಲರಿಗೂ ಉಪಯುಕ್ತ, ಸೇವ್ ಮಾಡಿಕೊಳ್ಳಿ" ಎಂಬ ಸಾಲಿನೊಂದಿಗೆ ಬಂದರೆ, ರಾತ್ರಿ ಕರೆ ಬರುವುದು ಯಾರಿಗೆ ಎಂದು ಒಮ್ಮೆ ಯೋಚಿಸಿ.

"ಫಾರ್ವರ್ಡ್ ಮಾಡಿದರೆ 250 ಕೋಟಿ ದಂಡ" ನಿಜವೇ?

ಹೊಸ ಕಾಯ್ದೆಯ ಹೆಸರಿನಲ್ಲಿ ಇಂಥ ಹೆದರಿಕೆಯನ್ನೂ ಹುಟ್ಟಿಸಬಹುದು. 250 ಕೋಟಿ ರೂಪಾಯಿ ಎಂಬ ಅಂಕಿ ಕಾಯ್ದೆಯಲ್ಲಿದೆ, ಆದರೆ ಅದು ಗರಿಷ್ಠ ಮೊತ್ತ. ಜನರ ದತ್ತಾಂಶವನ್ನು ಸಂಗ್ರಹಿಸಿ ಬಳಸುವ ಸಂಸ್ಥೆ ಅದನ್ನು ಸುರಕ್ಷಿತವಾಗಿಡಲು ಸರಿಯಾದ ಕ್ರಮ ಕೈಗೊಳ್ಳದಿದ್ದರೆ ಬೀಳುವ ದಂಡ ಅದು. ವ್ಯಕ್ತಿಯೊಬ್ಬರು ವೈಯಕ್ತಿಕ ಅಥವಾ ಮನೆಯ ಉದ್ದೇಶಕ್ಕೆ ಬಳಸುವ ಮಾಹಿತಿಗೆ ಈ ಕಾಯ್ದೆ ಅನ್ವಯಿಸುವುದಿಲ್ಲ. ಕಾನೂನಿನ ಪ್ರಕಾರ ಪ್ರಕಟಿಸಲೇಬೇಕಾಗಿದ್ದರಿಂದ ಸಾರ್ವಜನಿಕವಾದ ಮಾಹಿತಿಗೂ ಅನ್ವಯಿಸುವುದಿಲ್ಲ. ಹಾಗೆಂದು ಒಬ್ಬರ ನಂಬರ್ ಹಂಚಿ ಕಿರುಕುಳಕ್ಕೆ ದಾರಿ ಮಾಡಿದರೆ ಬೇರೆ ಕಾನೂನುಗಳು ಇದ್ದೇ ಇವೆ.

ಇಲ್ಲಿ ಇನ್ನೊಂದು ವಿಚಿತ್ರವಿದೆ. ಆರ್‌ಟಿಐ ತಿದ್ದುಪಡಿ ಕೂಡಲೇ ಜಾರಿಗೆ ಬಂತು. ನಮ್ಮ ದತ್ತಾಂಶವನ್ನು ಕಂಪನಿಗಳಿಂದ ಕಾಪಾಡಬೇಕಾದ ಮುಖ್ಯ ಸೆಕ್ಷನ್‌ಗಳಿಗೆ ಮಾತ್ರ ಅಧಿಸೂಚನೆಯಲ್ಲಿ 18 ತಿಂಗಳ ಗಡುವು ಕೊಡಲಾಯಿತು.

ಹಾಗಾದರೆ ಅರ್ಜಿ ಬರೆಯುವುದು ಹೇಗೆ?

ಮನುಷ್ಯನ ಬಗ್ಗೆ ಕೇಳುವ ಬದಲು ಕೆಲಸದ ಬಗ್ಗೆ ಕೇಳಿ. "ಡಾಕ್ಟರ್ ಇಂಥವರ ರಜೆ ಅರ್ಜಿಗಳ ಪ್ರತಿ ಕೊಡಿ" ಎಂದರೆ ವೈಯಕ್ತಿಕ ಎಂಬ ಉತ್ತರ ಬರುವ ಸಾಧ್ಯತೆ ಹೆಚ್ಚು. "ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕಳೆದ 3 ತಿಂಗಳಲ್ಲಿ ಎಷ್ಟು ದಿನ ವೈದ್ಯರು ಕರ್ತವ್ಯದಲ್ಲಿದ್ದರು, ಇಲ್ಲದ ದಿನ ಬದಲಿ ವ್ಯವಸ್ಥೆ ಏನಿತ್ತು" ಎಂದರೆ ಅದು ಕೇಂದ್ರದ ಲೆಕ್ಕ. ನಿಮಗೆ ಬೇಕಿರುವುದೂ ಅದೇ ತಾನೇ? ವೈದ್ಯರಿಗೆ ಏನು ಕಾಯಿಲೆಯಾಗಿತ್ತು ಎಂಬುದಲ್ಲ.

ಕರ್ನಾಟಕದ ನಿಯಮದಂತೆ ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದಗಳ ಮಿತಿ, ಶುಲ್ಕ 10 ರೂಪಾಯಿ. ಅರ್ಜಿಗೆ ಕಾರಣ ಹೇಳಬೇಕಿಲ್ಲ ಎಂದು ಸೆಕ್ಷನ್ 6(2) ಹೇಳುತ್ತದೆ, ಇದೂ ಬದಲಾಗಿಲ್ಲ. ಆದರೂ ಒಬ್ಬ ನೌಕರರ ದಾಖಲೆ ನಿಜವಾಗಿ ಬೇಕಿದ್ದರೆ, ಉದಾಹರಣೆಗೆ ನಕಲಿ ಜಾತಿ ಪ್ರಮಾಣಪತ್ರದಿಂದ ಕೆಲಸ ಪಡೆದ ಅನುಮಾನವಿದ್ದರೆ, ಅದರಲ್ಲಿ ಜನರ ಹಿತ ಏನಿದೆ ಎಂದು ಎರಡು ಸಾಲು ಬರೆದು ಸೆಕ್ಷನ್ 8(2)ರ ಅಡಿ ಪರಿಗಣಿಸಿ ಎಂದು ಸೇರಿಸಿ. ಜೊತೆಗೆ ಸೆಕ್ಷನ್ 10ನ್ನೂ ನೆನಪಿಸಿ: ಒಂದು ದಾಖಲೆಯಲ್ಲಿ ಕೊಡಬಾರದ ಭಾಗವಿದ್ದರೆ ಅಷ್ಟನ್ನು ಮುಚ್ಚಿ ಉಳಿದದ್ದನ್ನು ಕೊಡಬೇಕು. ಆಧಾರ್ ನಂಬರ್ ಇದೆ ಎಂಬ ಒಂದೇ ಕಾರಣಕ್ಕೆ ಇಡೀ ಕಡತ ನಿರಾಕರಿಸುವಂತಿಲ್ಲ.

ನೌಕರರು ಗೋಪ್ಯವೆಂದು ಕೊಟ್ಟ ಮಾಹಿತಿಯನ್ನು ಬೇರೆಯವರು ಕೇಳಿದಾಗ ಸೆಕ್ಷನ್ 11 ನೆರವಿಗೆ ಬರುತ್ತದೆ. ಕೊಡುವ ಯೋಚನೆಯಿದ್ದರೆ ಮಾಹಿತಿ ಅಧಿಕಾರಿ 5 ದಿನದೊಳಗೆ ಆ ನೌಕರರಿಗೆ ನೋಟಿಸ್ ಕೊಡಬೇಕು. ಆಕ್ಷೇಪ ಹೇಳಲು ಅವರಿಗೆ 10 ದಿನ ಇರುತ್ತದೆ. ಈ ನೋಟಿಸ್ ಬಂದಾಗ ಸುಮ್ಮನಿರುವ ಬದಲು ಯಾವ ಭಾಗ ಕೊಡಬಹುದು, ಯಾವುದು ಬೇಡ, ಯಾಕೆ ಎಂದು ಬರೆದುಕೊಡುವುದು ಒಳ್ಳೆಯದು.

ಅರ್ಜಿಗೆ 30 ದಿನದಲ್ಲಿ ಉತ್ತರ ಬರಬೇಕು. ನಿರಾಕರಿಸಿದರೆ 30 ದಿನದೊಳಗೆ ಪ್ರಥಮ ಮೇಲ್ಮನವಿ, ಅಲ್ಲೂ ಆಗದಿದ್ದರೆ 90 ದಿನದೊಳಗೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ. ನಿರಾಕರಣೆ ಸರಿಯೆಂದು ಸಾಬೀತು ಮಾಡುವ ಹೊಣೆ ಮೇಲ್ಮನವಿಯಲ್ಲಿ ಮಾಹಿತಿ ಅಧಿಕಾರಿಯದೇ. ಬರೀ "ವೈಯಕ್ತಿಕ ಮಾಹಿತಿ" ಎಂದು ಒಂದು ಸಾಲು ಬರೆದು ಕಳುಹಿಸಿದ್ದರೆ, ಹಿತಾಸಕ್ತಿಯನ್ನು ತೂಗಿ ನೋಡಿಲ್ಲ ಎಂಬುದನ್ನೇ ಮೇಲ್ಮನವಿಯ ಮೊದಲ ಅಂಶವಾಗಿ ಬರೆಯಿರಿ.

ಕೊನೆಯದಾಗಿ ಒಂದು ಪ್ರಶ್ನೆ: ಜೀವನಾಂಶದ ಕೇಸಿಗಾಗಿ ಗಂಡನ ಸಂಬಳದ ವಿವರ ಆರ್‌ಟಿಐನಲ್ಲಿ ಸಿಗುತ್ತದೆಯೇ? ಗಂಡ ಸರ್ಕಾರಿ ನೌಕರರಾದರೆ ಮಾಸಿಕ ಸಂಬಳ ಸೆಕ್ಷನ್ 4ರ ಪಟ್ಟಿಯಲ್ಲೇ ಇರಬೇಕು, ಮೊದಲು ಅಲ್ಲಿ ನೋಡಿ. ಆಸ್ತಿ, ಸಾಲ, ತೆರಿಗೆ ವಿವರ ಬೇಕಿದ್ದರೆ ಆರ್‌ಟಿಐ ಹಿಂದೆ ತಿಂಗಳುಗಟ್ಟಲೆ ಅಲೆಯಬೇಕಾಗಿಲ್ಲ. ಜೀವನಾಂಶದ ಪ್ರಕರಣಗಳಲ್ಲಿ ಗಂಡ-ಹೆಂಡತಿ ಇಬ್ಬರೂ ತಮ್ಮ ಆದಾಯ, ಆಸ್ತಿ ಮತ್ತು ಸಾಲಗಳ ಅಫಿಡವಿಟ್ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲೇ ಹೇಳಿದೆ. ನಿಮ್ಮ ವಕೀಲರ ಮೂಲಕ ಅದನ್ನು ಕೌಟುಂಬಿಕ ನ್ಯಾಯಾಲಯದಲ್ಲಿಯೇ ಕೇಳಬಹುದು.